ಮಾವಿನ ಹೂವಿಗೆ ಬೂದಿ ರೋಗ: ಗುರುತಿಸುವುದು ಹೇಗೆ?



ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಚಳಿಗಾಲವೆಂದರೆ ಮಾವು ಹೂ ಬಿಡುವ ಕಾಲ. ಗಿಡದ ತುಂಬ ಹೂವಿದ್ದರೂ ಎಷ್ಟೋ ಸಲ ಕಾಯಿ ನಿಲ್ಲುವುದಿಲ್ಲ. ಹೂವು ಕಪ್ಪಾಗಿ ಉದುರತೊಡಗಿದಾಗ ಅವಸರದಿಂದ ಯಾವುದೋ ಔಷಧಿ ಹೊಡೆಯುವುದುಂಟು. ಆದರೆ ಹೂವು ಕೆಡಲು ಮುಖ್ಯವಾಗಿ ಮೂರು ಕಾರಣಗಳಿವೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಮೊದಲು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿರಿ.

ಮೊದಲನೆಯದು ಬೂದಿ ರೋಗ. ಮೊಗ್ಗು, ತೊಟ್ಟುಗಳ ಮೇಲೆ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಬೆರಳಿನಿಂದ ಸವರಿದರೆ ಬಿಳಿ ಪುಡಿ ಅಂಟುತ್ತದೆ. ಮೊಗ್ಗುಗಳು ಅರಳದೆ ಒಣಗುತ್ತವೆ. ಬಟಾಣಿ ಗಾತ್ರದ ಮಿಡಿಗಳೂ ಉದುರುತ್ತವೆ. ಈ ಶಿಲೀಂಧ್ರಕ್ಕೆ ಮಳೆ ಬೇಕಿಲ್ಲ. ತಂಪು ರಾತ್ರಿ, ಒಣ ಹಗಲು ಇದ್ದರೆ ಗಾಳಿಯ ಮೂಲಕ ಗಿಡದಿಂದ ಗಿಡಕ್ಕೆ ಹಬ್ಬುತ್ತದೆ.

ಎರಡನೆಯದು ಚಿಬ್ಬು ರೋಗ. ಹೂವಿನ ತೊಟ್ಟು ಮತ್ತು ಎಳೆ ಎಲೆಗಳ ಮೇಲೆ ಕಂದುಗಪ್ಪು ಚುಕ್ಕೆಗಳು ಮೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸವರಿದರೆ ಹೋಗುವುದಿಲ್ಲ. ಅಕಾಲ ಮಳೆ ಅಥವಾ ದಟ್ಟ ಮಂಜು ಬಿದ್ದಾಗ ಇದರ ಬಾಧೆ ಹೆಚ್ಚು.

ಮೂರನೆಯದು ಜಿಗಿಹುಳು. ಇದು ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತದೆ. ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಳಗೆ ಹಸಿರು ಎಲೆ ಕಾಣುತ್ತದೆ. ಟೊಂಗೆ ಅಲುಗಾಡಿಸಿದರೆ ಹುಳುಗಳು ಜಿಗಿಯುತ್ತವೆ. ಇಲ್ಲಿ ಹತೋಟಿ ಮಾಡಬೇಕಾದದ್ದು ಹುಳುವನ್ನೇ.

ಬೂದಿ ರೋಗವೆಂದು ಖಚಿತವಾದರೆ ತಡಮಾಡಬೇಡಿರಿ. ಗೊಂಚಲು ಮೂರು-ನಾಲ್ಕು ಅಂಗುಲ ಉದ್ದವಿದ್ದಾಗ, ಹೂ ಅರಳುವ ಮೊದಲು, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆರೆಸಿ ಸಿಂಪಡಿಸಿರಿ. 200 ಲೀಟರಿನ ಪೀಪಾಯಿಗೆ 400 ಗ್ರಾಂ ಸಾಕು. ಅಗತ್ಯವಿದ್ದರೆ ಮಿಡಿ ಕಟ್ಟಿದ ಮೇಲೆ ಹೆಕ್ಸಾಕೊನಜೋಲನ್ನು ಲೀಟರಿಗೆ 1 ಮಿ.ಲೀ.ನಂತೆ ಉಪಯೋಗಿಸಿರಿ. ಬಿಸಿಲು ಏರಿದಾಗ ಗಂಧಕ ಹೊಡೆದರೆ ಹೂವು ಸುಡುತ್ತದೆ. ಹೂವು ಪೂರ್ತಿ ಅರಳಿದಾಗ ಸಿಂಪಡಿಸಿದರೆ ಪರಾಗಸ್ಪರ್ಶ ಮಾಡುವ ನೊಣ, ಜೇನುಗಳಿಗೆ ತೊಂದರೆಯಾಗಿ ಕಾಯಿಕಟ್ಟು ಕುಗ್ಗುತ್ತದೆ. ಹಳೆಯ ಪುಸ್ತಿಕೆಗಳಲ್ಲಿ ಹೇಳಿರುವ ಡಿನೊಕ್ಯಾಪ್ 2023ರಲ್ಲಿ ನಿಷೇಧಗೊಂಡಿದೆ, ಅದನ್ನು ಬಳಸಬಾರದು.

ಅನುಮಾನವಿದ್ದರೆ ರೋಗ ತಗುಲಿದ ಗೊಂಚಲೊಂದನ್ನು ಕಾಗದದಲ್ಲಿ ಸುತ್ತಿ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗೋ ಅಂದೇ ತಲುಪಿಸಿರಿ. ಹೂ ಬಿಡುವ ಕಾಲದಲ್ಲಿ ವಾರಕ್ಕೆರಡು ಸಲ ಬೆಳಗಿನ ಹೊತ್ತು ತೋಟ ಸುತ್ತಿರಿ. ಪುಡಿ ಒಂದೆರಡು ಗೊಂಚಲಿನಲ್ಲಿದ್ದಾಗಲೇ ಕಣ್ಣಿಗೆ ಬಿದ್ದರೆ ವರ್ಷದ ಬೆಳೆ ಉಳಿಸಿಕೊಳ್ಳಬಹುದು.