ಮಳೆಗೆ ಮುಂಚಿನ ಅರ್ಧ ಗಂಟೆ

ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ ಮಳೆಯನ್ನು ಬೇಡವೆನ್ನುವವರು ಅಪರೂಪ. ವರ್ಷಕ್ಕೆ ಸುಮಾರು 500 ಮಿಲಿಮೀಟರ್, ಅನೇಕ ವರ್ಷ ಅದಕ್ಕೂ ಕಡಿಮೆ ಮಳೆ ಕಾಣುವ ನೆಲವದು. ಆದರೂ ಅಲ್ಲಿನ ರೈತ ಮೋಡವನ್ನು ಕಂಡು ಅಂಜುವ ದಿನಗಳುಂಟು. ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ ಶೇಂಗಾ ಕಿತ್ತು ಹೊಲದಲ್ಲಿಯೇ ಒಣಗಲು ಬಿಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಒಂದು ಜಡಿಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ದನದ ಮೇವಾಗಬೇಕಾದ ಬಳ್ಳಿಯೂ ಕೊಳೆಯುತ್ತದೆ. ಕಂಬಳಿ ನೇಯುವವರು ಹುಣಸೆಬೀಜದ ಸರಿಯನ್ನು ಹಾಸಿಗೆ ಬಳಿದು ಬಯಲಲ್ಲಿ ಒಣಗಿಸುತ್ತಾರೆ. ಅವರ ಪಾಡೂ ಇಂಥದೇ. ಇನ್ನು ಕುರಿಹಿಂಡಿನೊಡನೆ ಕಾವಲಿನಲ್ಲಿರುವವನಿಗೆ ಮಳೆಗಿಂತ ಸಿಡಿಲಿನ ಭಯ ದೊಡ್ಡದು.

ಇವರಿಗೆಲ್ಲ ಬೇಕಾದದ್ದು ನಾಳೆಯ ಹವಾಮಾನದ ಮಾತಲ್ಲ. "ಜಿಲ್ಲೆಯ ಕೆಲವೆಡೆ ಗುಡುಗುಸಹಿತ ಮಳೆ" ಎಂದರೆ ಆ ಕೆಲವೆಡೆ ಯಾವುದು? ಎತ್ತಿನ ಒಂದು ಕೋಡು ನೆನೆದು ಇನ್ನೊಂದು ಒಣಗಿರುವಂಥ ಮಳೆಯೆಂದು ನಮ್ಮ ಹಳ್ಳಿಗರು ಹೇಳುವುದುಂಟು. ಗುಡುಗುಮೋಡದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಒಂಟಿ ಗುಡುಗುಮೋಡವೊಂದರ ಹರವು ಕೆಲವೇ ಕಿಲೋಮೀಟರು. ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಹುಟ್ಟುವ ಮೊದಲೇ ಅದರ ಊರನ್ನು ಹೇಳಲಾಗದು. ಹುಟ್ಟಿದ ಮೇಲೆ ಅದನ್ನು ಕಾಣಬಹುದು. ಹಾಗೆ ಕಾಣಿಸುವ ಕಣ್ಣೇ ರಾಡಾರ್.

ಎರಡನೆಯ ಮಹಾಯುದ್ಧದಲ್ಲಿ ವೈರಿ ವಿಮಾನಗಳನ್ನು ಹುಡುಕುತ್ತಿದ್ದ ರಾಡಾರಿನ ತೆರೆಯ ಮೇಲೆ ಮಳೆಯೂ ಮೂಡಿ ತೊಡಕೆನಿಸಿತು. ಆ ತೊಡಕೇ ಮುಂದೆ ಒಂದು ಶಾಸ್ತ್ರವಾಯಿತು. ರಾಡಾರ್ ಸೂಕ್ಷ್ಮ ತರಂಗಗಳನ್ನು ಬೀರುತ್ತದೆ. ಮಳೆಹನಿಗಳಿಗೆ ತಾಗಿದ ತರಂಗದ ಅಂಶ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲದಿಂದ ದೂರವೂ, ಅದರ ಬಲದಿಂದ ಮಳೆಯ ಬಿರುಸೂ ತಿಳಿಯುತ್ತವೆ. ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ವಿವರಿಸಿದ ತತ್ತ್ವದಿಂದ ಹನಿಗಳು ರಾಡಾರಿನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದೂ ಗೊತ್ತಾಗುತ್ತದೆ. ಇಂಥ ಡಾಪ್ಲರ್ ರಾಡಾರ್ 2002ರಲ್ಲಿ ಚೆನ್ನೈಯಲ್ಲಿ ಕೆಲಸ ತೊಡಗಿತು. ಇಂದು ಅಂಥ ಚಿತ್ರಗಳನ್ನು ಕೈಯಲ್ಲಿನ ಮೊಬೈಲಿನಲ್ಲಿಯೇ ನೋಡಬಹುದು. ಹಸಿರು, ನೀಲಿ ಬಣ್ಣಗಳು ಹಗುರ ಮಳೆಯನ್ನೂ ಹಳದಿ, ಕೆಂಪು ಬಣ್ಣಗಳು ಬಿರುಮಳೆಯನ್ನೂ ಸೂಚಿಸುವುದು ಸಾಮಾನ್ಯ ರೂಢಿ.

ಚಿತ್ರವನ್ನು ಓದುವ ಲೆಕ್ಕ ಸರಳ. ಹತ್ತು ನಿಮಿಷದ ಅಂತರದ ಎರಡು ಚಿತ್ರಗಳಲ್ಲಿ ಕೆಂಪು ಮಚ್ಚೆಯೊಂದು 5 ಕಿಲೋಮೀಟರ್ ಸರಿದಿದ್ದರೆ ಅದರ ವೇಗ ಗಂಟೆಗೆ 30 ಕಿಲೋಮೀಟರ್. ಅದು ನಮ್ಮತ್ತ ಮುಖ ಮಾಡಿ 15 ಕಿಲೋಮೀಟರ್ ದೂರದಲ್ಲಿದ್ದರೆ ನಮಗಿರುವುದು ಅರ್ಧ ಗಂಟೆ. ಚಿತ್ರ ನಮ್ಮ ಕೈಗೆ ಬರುವಾಗಲೇ ಹಳತಾಗಿರುವುದರಿಂದ ಅದರಲ್ಲೂ ಕೆಲವು ನಿಮಿಷ ಕಳೆಯಬೇಕು. ಅಷ್ಟರಲ್ಲಿ ಶೇಂಗಾವನ್ನು ಒಟ್ಟಿ ತಾಡಪಾಲು ಹೊದಿಸಬಹುದು. ಕುರಿಗಳನ್ನು ದಿಬ್ಬದಿಂದ ಇಳಿಸಬಹುದು. ಒಂಟಿಮರದ ಕೆಳಗೆ ನಿಂತವರನ್ನು ಕೂಗಿ ಕರೆಯಬಹುದು.

ಆದರೆ ಈ ಕಣ್ಣಿಗೂ ಮಿತಿಗಳುಂಟು. ಮೊದಲನೆಯದು ಭೂಮಿಯ ಗುಂಡು. ರಾಡಾರಿನ ಕಿರಣ ದೂರ ಹೋದಂತೆಲ್ಲ ನೆಲದಿಂದ ಮೇಲೇರುತ್ತದೆ. ಗೋವೆಯ ರಾಡಾರಿನಿಂದ ಚಳ್ಳಕೆರೆಗೆ ನೇರ ದಾರಿ ಸುಮಾರು 330 ಕಿಲೋಮೀಟರ್. ಚೆನ್ನೈ, ಹೈದರಾಬಾದುಗಳಿಂದ ಸುಮಾರು 400. ಗೋವೆಯ ಕಿರಣ ಚಳ್ಳಕೆರೆಯನ್ನು ದಾಟುವಾಗ ಎಂಟೊಂಬತ್ತು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಬೆಳೆದು ನಿಂತ ಗುಡುಗುಮೋಡದ ನೆತ್ತಿ ಅದಕ್ಕೆ ಕಂಡೀತು, ಒಡಲು ಕಾಣದು. 2017ರಲ್ಲಿ ರಾಜ್ಯ ಸರ್ಕಾರ ಮೋಡಬಿತ್ತನೆಗಾಗಿ ಬೆಂಗಳೂರು, ಗದಗ, ಸುರಪುರಗಳಲ್ಲಿ ರಾಡಾರುಗಳನ್ನು ನಿಲ್ಲಿಸಿತ್ತು. ಗದಗಿನಿಂದಲೂ ಚಳ್ಳಕೆರೆ ಸುಮಾರು 165 ಕಿಲೋಮೀಟರ್. ಅಲ್ಲಿಂದ ನೋಡಿದರೂ 3 ಕಿಲೋಮೀಟರ್ ಕೆಳಗಿನ ಸಂಗತಿ ಮರೆಯೇ.

ಎರಡನೆಯ ಮಿತಿ ಈ ಸೀಮೆಯ ಒಣಹವೆ. ಮೋಡದಿಂದ ಹೊರಟ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುವುದುಂಟು. ತೆರೆಯ ಮೇಲೆ ಬಣ್ಣವಿದೆ, ಹೊಲದಲ್ಲಿ ತೇವವಿಲ್ಲ. ಮೂರನೆಯದು ಮೋಡದ ಸಂತಾನ. ಸಾಯುವ ಮೋಡದಿಂದ ಕೆಳಗೆ ನುಗ್ಗುವ ತಣ್ಣನೆಯ ಗಾಳಿ ಮುಂದಿನ ಬಿಸಿಗಾಳಿಯನ್ನು ಮೇಲೆತ್ತಿ ಹೊಸ ಮೋಡವನ್ನು ಹುಟ್ಟಿಸಬಲ್ಲದು. ಆದ್ದರಿಂದ ಮಚ್ಚೆಯನ್ನು ಗೆರೆ ಹಿಡಿದು ಮುಂದಕ್ಕೆ ಎಳೆಯುವ ಲೆಕ್ಕ ಅರ್ಧ ಗಂಟೆ, ಬಹಳವೆಂದರೆ ಒಂದು ಗಂಟೆ ನಿಂತೀತು.

ಹೀಗಾಗಿ ಮೇಲಿನ ಕಣ್ಣಿಗೆ ಕೆಳಗಿನ ಸಾಕ್ಷಿ ಬೇಕು. 1988ರಲ್ಲಿ ಬರಗಾಲದ ಮೇಲೆ ನಿಗಾ ಇಡಲು ಕರ್ನಾಟಕದಲ್ಲಿ ಹುಟ್ಟಿದ ಘಟಕವೇ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳವರೆಗೂ ಅದು ಸ್ಥಾಪಿಸಿದ ಮಳೆಮಾಪಕಗಳು ತಾವಾಗಿಯೇ ವರದಿ ಕಳುಹಿಸುತ್ತವೆ. ಅದರ 'ವರುಣಮಿತ್ರ' ಸಹಾಯವಾಣಿ ರೈತರಿಗೆ ಕನ್ನಡದಲ್ಲಿ ಉತ್ತರಿಸುವ ಸೇವೆ. ಪಕ್ಕದ ಪಂಚಾಯಿತಿಯ ಮಾಪಕದಲ್ಲಿ ನೀರು ಏರುತ್ತಿದ್ದರೆ ತೆರೆಯ ಬಣ್ಣ ಸುಳ್ಳಲ್ಲವೆಂದು ಅರಿಯಬಹುದು. ಸಿಡಿಲಿಗೆ ಬೇರೆಯದೇ ಸಂವೇದಕಗಳ ಜಾಲವಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಅದರ ಎಚ್ಚರಿಕೆಯನ್ನು ಮೊಬೈಲಿಗೆ ಮುಟ್ಟಿಸುತ್ತದೆ. ಯಾವುದೂ ಕೈಗೆಟುಕದಾಗ ಹಳೆಯ ಲೆಕ್ಕವಿದ್ದೇ ಇದೆ: ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಗುಡುಗು ಕೇಳಿಸಿತೆಂದರೆ ಸಿಡಿಲು ಎಟುಕುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿಯಬೇಕು.

ಮಳೆ ಕಡಿಮೆಯಾದ ಸೀಮೆಗೆ ಮಳೆ ನೋಡುವ ಯಂತ್ರವೇಕೆ ಎಂದು ಕೇಳುವವರಿರಬಹುದು. ನೂರು ಮಳೆ ಬೀಳುವಲ್ಲಿ ಒಂದು ಮಳೆ ಹೆಚ್ಚು ಕಡಿಮೆಯಾದರೆ ತಡೆದುಕೊಳ್ಳಬಹುದು. ಹತ್ತೇ ಮಳೆ ಬೀಳುವಲ್ಲಿ ಪ್ರತಿಯೊಂದೂ ವರ್ಷದ ಅನ್ನವನ್ನು ಕೊಡುವ ಅಥವಾ ಕಸಿಯುವ ಮಳೆ. ಹತ್ತಿರದ ಕಣ್ಣು ಹೆಚ್ಚು ಬೇಕಾದದ್ದು ಇಂಥ ನೆಲಕ್ಕೇ. ಆ ಕಣ್ಣು ಕಂಡದ್ದನ್ನು ಜಿಲ್ಲೆಯ ಹೆಸರಿನಲ್ಲಿ ಹೇಳಿದರೆ ಸಾಲದು. ಪರಶುರಾಂಪುರ, ನಾಯಕನಹಟ್ಟಿ, ರಾಂಪುರ ಎಂದು ಊರು ಹಿಡಿದು ಹೇಳಬೇಕು. ಆಗ ಆ ಅರ್ಧ ಗಂಟೆ ಹೊಲದಲ್ಲಿರುವವನದಾಗುತ್ತದೆ.