ಮಾಡಿನ ಮೇಲೆ ಸೋಲಾರ್, ಮನೆಯೊಳಗೆ ಕತ್ತಲೆ

ಭಟ್ಕಳ, ಹೊನ್ನಾವರ, ಕುಮಟಾ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆಲ್ಲ ಸ್ವಾಗತ. ಇವತ್ತಿನ ವಿಷಯ ಮನೆ ಸೋಲಾರ್. ಅದರ ಲಾಭ ಹೇಳೋಕೆ ಯೂಟ್ಯೂಬ್ ತುಂಬಾ ಜನ ಇದ್ದಾರೆ. ನಾನು ತೊಂದರೆಗಳ ಬಗ್ಗೆ ಮಾತಾಡ್ತೀನಿ.

ಕಳೆದ ಮಳೆಗಾಲದ ಒಂದು ರಾತ್ರಿ. ಹೊನ್ನಾವರದಲ್ಲಿರೋ ನನ್ನ ಮಾವನ ಮನೆ. ಮಾಡಿನ ಮೇಲೆ ಹೊಸದಾಗಿ ಹಾಕಿದ 3 ಕಿಲೋವ್ಯಾಟ್ ಸೋಲಾರ್. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯ್ತು. ಅಜ್ಜಿಗೆ ಉಬ್ಬಸ, ನೆಬ್ಯುಲೈಸರ್ ಬೇಕು. ಬೆಳಗಾದರೂ ಕರೆಂಟ್ ಇಲ್ಲ. ಬಿಸಿಲು ಬಂತು, ಪ್ಯಾನಲ್ ಮೇಲೆ ಬಿತ್ತು, ಆದರೂ ಮನೆಯಲ್ಲಿ ಒಂದು ಬಲ್ಬೂ ಉರಿಯಲಿಲ್ಲ! ಕೊನೆಗೆ ಅಜ್ಜಿಯನ್ನ ಪಕ್ಕದ ಮನೆಗೆ ಕರ್ಕೊಂಡು ಹೋಗಿ, ಅವರ ಹಳೇ ಬ್ಯಾಟರಿ ಇನ್ವರ್ಟರ್‌ನಲ್ಲಿ ನೆಬ್ಯುಲೈಸರ್ ಹಚ್ಚಿದ್ವಿ.

ಸೋಲಾರ್ ಹಾಕಿದವರಿಗೆ ಮಾವ ಫೋನ್ ಮಾಡಿದ್ರು. "ಕರೆಂಟ್ ಹೋದ್ರೆ ಇದೂ ಬಂದಾಗ್ತದೆ ಅಂತ ಮೊದಲೇ ಎಂತಕ್ಕೆ ಹೇಳ್ಲಿಲ್ಲ?" ಆ ಕಡೆಯಿಂದ ಬಂದ ಉತ್ತರ, "ನೀವು ಕೇಳ್ಲಿಲ್ಲವಲ್ಲ."

ಸಿಸ್ಟಮ್ ಕೆಟ್ಟಿರಲಿಲ್ಲ ಅನ್ನೋದನ್ನ ಗಮನಿಸಿ. ಆನ್-ಗ್ರಿಡ್ ಸೋಲಾರ್ ಇರೋದೇ ಹಾಗೆ. ಲೈನ್‌ನಲ್ಲಿ ಕರೆಂಟ್ ಇಲ್ಲ ಅಂದ ಕೂಡಲೇ ಅದರ ಇನ್ವರ್ಟರ್ ತಾನಾಗಿ ಬಂದ್ ಆಗತ್ತೆ. ಇಲ್ಲದಿದ್ರೆ ನಮ್ಮ ಮನೆ ಕರೆಂಟ್ ಲೈನ್‌ಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಕರೆಂಟ್ ಹೋದಾಗಲೂ ಬೆಳಕು ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಸಿಸ್ಟಮ್ ಬೇಕು. ಖರ್ಚು ಜಾಸ್ತಿ, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು.

ಎರಡನೇದು ನಮ್ಮ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರ್ ದಾಟಿದ್ದು ನೆನಪಿದೆಯಲ್ಲ? ಮಾವನ ಆ್ಯಪ್‌ನಲ್ಲಿ ಏಪ್ರಿಲ್‌ನಲ್ಲಿ ದಿನಕ್ಕೆ 12 ಯೂನಿಟ್ ತೋರಿಸ್ತಿದ್ದದ್ದು ಜುಲೈನ ಕೆಲವು ದಿನ 3ಕ್ಕೆ ಇಳಿದಿತ್ತು. ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲೇ 240 ಮೆಗಾವ್ಯಾಟ್ ಜಲವಿದ್ಯುತ್ ಘಟಕ ಇದೆ. ಅಣೆಕಟ್ಟೆ ತುಂಬೋ ಮಳೆಗೇ ನಮ್ಮ ಸೋಲಾರ್ ಮಂಕಾಗತ್ತೆ!

ಮೂರನೇದು ಮನೆ. ಹೆಂಚಿನ ಮಾಡಾದ್ರೆ ಪಕಾಸು, ರೀಪು ಭಾರ ತಡೆಯತ್ತಾ ಅಂತ ಮೊದಲು ನೋಡಿಸಬೇಕು. ಸುತ್ತ ತೆಂಗು, ಅಡಿಕೆ. ಒಂದು ಪ್ಯಾನಲ್ ಮೇಲೆ ನೆರಳು ಬಿದ್ರೂ, ಸಾಲಾಗಿ ಜೋಡಿಸಿದ ಉಳಿದ ಪ್ಯಾನಲ್‌ಗಳ ಉತ್ಪಾದನೆಯೂ ಕುಗ್ಗಬಹುದು. ಜೊತೆಗೆ ಸಮುದ್ರದ ಉಪ್ಪುಗಾಳಿ. ಕ್ಲ್ಯಾಂಪ್, ಬೋಲ್ಟ್ ಎಲ್ಲ ತುಕ್ಕು ಹಿಡಿಯತ್ತೆ. ಪ್ಯಾನಲ್‌ಗಳಿಗೆ ಐಇಸಿ 61701 ಅನ್ನೋ ಉಪ್ಪುಗಾಳಿ ಪರೀಕ್ಷೆ ಇದೆ. ಆ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ.

ಈಗ ದುಡ್ಡು. ನಾನು ಬಿ.ಕಾಂ., ಲೆಕ್ಕ ಬಿಡೋಕಾಗಲ್ಲ. ಕುಮಟಾದ ನಮ್ಮ ಮನೆಗೂ ಹಾಕಿಸೋಣ ಅಂತ ಅಪ್ಪ ಸಾಲಕ್ಕೆ ಕಾಗದಪತ್ರ ರೆಡಿ ಮಾಡ್ಕೊಂಡಿದ್ರು. ಕೊಟೇಶನ್ 2 ಲಕ್ಷ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಉಳಿದ 1,22,000 ನಮ್ಮ ಕೈಯಿಂದ. ಆದರೆ ನಾವು ತಿಂಗಳಿಗೆ ಬಳಸೋದು 90 ಯೂನಿಟ್ ಸುಮಾರು. 2023ರಿಂದ ಗೃಹಜ್ಯೋತಿಯಲ್ಲಿ ನಮ್ಮ ಬಿಲ್ ಸೊನ್ನೆ. ಸೊನ್ನೆ ಬಿಲ್‌ನಲ್ಲಿ ಉಳಿಸೋದಾದ್ರೂ ಏನು? ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಸಿಗತ್ತೆ, ನಿಜ. ಆದರೆ ಆ ದರ ನಾವು ಕೊಳ್ಳೋ ದರಕ್ಕಿಂತ ಕಡಿಮೆ. ಸಾಲದ ಬಡ್ಡಿ ಮಾತ್ರ ಮಳೆಗಾಲದಲ್ಲೂ ನಿಲ್ಲಲ್ಲ.

ಅಪ್ಪ ಕಾಗದ ಮಡಚಿಟ್ರು. ಬೇಜಾರಾಗಿತ್ತು ಅವರಿಗೆ. "ಹಾಗಾದ್ರೆ ಸೋಲಾರೇ ಬೇಡ ಅಂತಿಯಾ?" ಅಂದ್ರು. ಇಲ್ಲ ಅಪ್ಪ. ಮಾವನ ಮನೆಯಲ್ಲಿ ಎಸಿ ಇದೆ, ಪಂಪ್ ಇದೆ, ತಿಂಗಳಿಗೆ 300 ಯೂನಿಟ್ ದಾಟತ್ತೆ. ಅವರಿಗೆ ನಿಜವಾಗಿ ಉಳಿತಾಯ ಇದೆ. ಅವರು ಈಗ ಅಜ್ಜಿ ಕೋಣೆಗೆ ಅಂತಲೇ ಬೇರೆ ಒಂದು ಬ್ಯಾಟರಿ ಇನ್ವರ್ಟರ್ ಇಟ್ಕೊಂಡಿದ್ದಾರೆ. ನಾವೂ ಅಂಥದ್ದೇ ಸಣ್ಣದೊಂದು ತಗೊಂಡ್ವಿ, ಸಾಲ ಇಲ್ಲದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಸೋಲಾರ್ ಮಾತು ಬಂದ್ರೆ, ಸಹಿ ಹಾಕೋ ಮೊದಲು ಒಂದು ವರ್ಷದ ಬಿಲ್ ತೆಗೆದಿಡಿ. ಗೃಹಜ್ಯೋತಿ ಲೆಕ್ಕ ಹೇಗೆ ಅಂತ ಹೆಸ್ಕಾಂ ಕಚೇರಿಯಲ್ಲೇ ವಿಚಾರಿಸಿ. ಕರೆಂಟ್ ಹೋದಾಗ ಏನಾಗತ್ತೆ, ಮಳೆಗಾಲದಲ್ಲಿ ಎಷ್ಟು ಯೂನಿಟ್ ಬರತ್ತೆ, ಕೆಟ್ರೆ ಎಷ್ಟು ದಿನದಲ್ಲಿ ಬರ್ತೀರಿ, ಈ ಮೂರನ್ನ ಬರವಣಿಗೆಯಲ್ಲಿ ತಗೊಳ್ಳಿ. ನಾಳೆ ಯಾರೂ ನಿಮಗೆ "ನೀವು ಕೇಳ್ಲಿಲ್ಲವಲ್ಲ" ಅನ್ನೋ ಹಾಗೆ ಆಗಬಾರದು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಫೋನ್ ಚಾರ್ಜ್ ಮಾಡಿಟ್ಕೊಳ್ಳಿ, ಮೋಡ ಕವಿದಿದೆ!