ಹಳೆಯ ಮೋಟಾರಿಗೆ ಗಾಜಿನ ನಾರಿನ ಹೊಸ ಮೂತಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ರಜೆ, ಖೋಲಿಯ ಬಾಡಿಗೆ ಇವುಗಳ ಮಾತು ನಮ್ಮ ಸಂಘದಲ್ಲಿ ಬಹಳ ನಡೆಯುತ್ತದೆ, ನಡೆಯಲೇಬೇಕು. ಆದರೆ ಕೈಕಸಬಿನ ಮಾತೂ ನಮ್ಮದೇ. ಹಳೆಯ ಕಾರಿನ ತುಕ್ಕು ತಿಂದ ಮೂತಿಯನ್ನು ಬಿಚ್ಚಿ, ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಫೈಬರ್ ಗ್ಲಾಸಿನ ಒಂದೇ ತುಂಡಿನ ಮೂತಿಯನ್ನು ಕೂರಿಸುವ ಕಸಬನ್ನು ಇಂದು ನೋಡೋಣ.

ಬಾಗುವ ಮೂತಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ಕವೆಂಟ್ರಿಯಿಂದ 1959ರಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್ ಕಾರಿನಲ್ಲಿ ಬಾನೆಟ್ಟು, ಎರಡು ಮಡ್‌ಗಾರ್ಡು ಎಲ್ಲವೂ ಒಟ್ಟಿಗೇ ಮುಂದಕ್ಕೆ ಏಳುತ್ತಿದ್ದವು. ಮೆಕ್ಯಾನಿಕನು ಮುಂದಿನ ಚಕ್ರದ ಮೇಲೆಯೇ ಕುಳಿತು ಎಂಜಿನ್ನಿಗೆ ಕೈ ಹಾಕಬಹುದಿತ್ತು. ಅದೇ ಕಾರು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಮದರಾಸಿನಲ್ಲಿ ತಯಾರಾಯಿತು. ಅದರ ಮೂತಿ ಉಕ್ಕಿನದು. ಫೈಬರ್ ಗ್ಲಾಸಿನ ಮೈಯನ್ನು ಅಮೆರಿಕದ ಶೆವ್ರೊಲೆ ಕಂಪನಿಯವರು 1953ರಲ್ಲೇ ಕಾರ್ವೆಟ್ ಕಾರಿಗೆ ತೊಡಿಸಿದ್ದರು. ನಮ್ಮ ಬೆಂಗಳೂರಿನಲ್ಲಿ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿನ ಮೈಯೂ ಇದೇ ವಸ್ತುವಿನದು.

ಗರಗಸ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಾರಿನ ಬಲ ಎಲ್ಲಿದೆ? ಹೆರಾಲ್ಡಿಗೆ ಕೆಳಗೆ ಪ್ರತ್ಯೇಕವಾದ ಚಾಸಿಯುಂಟು. ಮೂತಿ ಬರೀ ಹೊದಿಕೆ. ಅದೇ 1959ರಲ್ಲಿ ಬಂದ ಮಿನಿ ಕಾರಿಗೆ ಅಂಥ ಚಾಸಿಯಿಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಅದರ ಒಳಗಿನ ತಗಡನ್ನು ಕತ್ತರಿಸಿದರೆ ಉಕ್ಕಿನ ಕೊಳವೆಗಳಿಂದ ಆ ಬಲವನ್ನು ಮರಳಿ ತುಂಬಲೇಬೇಕು. ಗಿರಾಕಿಗೆ ಕಾಣುವುದು ಅಂದ. ಕಂಬ ಯಾವುದು, ಪರದೆ ಯಾವುದು ಎಂದು ತಿಳಿದಿರಬೇಕಾದವನು ಕೆಲಸಗಾರ.

ಇನ್ನು ಅಚ್ಚಿನ ಕೆಲಸ. ಹಳೆಯ ಭಾಗಗಳನ್ನು ಕಾರಿನ ಮೇಲೆಯೇ ಸರಿಯಾಗಿ ಕೂರಿಸಿ, ಬಾಗಿಲಿನ ಸಂದು ಎರಡು ಕಡೆಯೂ ಸಮನಾಗಿದೆಯೇ ಎಂದು ನೋಡಿ, ಬಿರುಕುಗಳನ್ನು ತುಂಬಿ ನುಣುಪು ಮಾಡಬೇಕು. ಅದರ ಮೇಲೆ ಮೇಣವನ್ನು ಹಲವು ಸಲ ಸವರಿ ಉಜ್ಜಬೇಕು. ಇಡ್ಲಿ ತಟ್ಟೆಗೆ ಎಣ್ಣೆ ಸವರದೆ ಹಿಟ್ಟು ಹೊಯ್ದರೆ ಏನಾಗುವುದೆಂದು ಹೋಟೆಲಿನ ಬಂಧುಗಳಿಗೆ ಹೇಳಬೇಕಾಗಿಲ್ಲ. ಮೂತಿಯ ಆಕಾರ ಒಳಕ್ಕೆ ಬಾಗಿರುವುದರಿಂದ ಒಂದೇ ತುಂಡಿನ ಅಚ್ಚು ಬಿಡಿಸಿಕೊಳ್ಳಲಾರದು. ಎರಡು ಮೂರು ತುಂಡು ಮಾಡಿ ಬೋಲ್ಟಿನಿಂದ ಜೋಡಿಸುತ್ತಾರೆ.

ಅಚ್ಚು ಸಿದ್ಧವಾದ ಮೇಲೆ ಒಳಗೆ ಮತ್ತೆ ಮೇಣ, ಮೊದಲು ಜೆಲ್‌ಕೋಟಿನ ಲೇಪ, ಅನಂತರ ಗಾಜಿನ ನಾರಿನ ಚಾಪೆ, ಪಾಲಿಯೆಸ್ಟರ್ ರಾಳ. ಚಾಪೆಯ ತೂಕದ ಎರಡರಿಂದ ಎರಡೂವರೆ ಪಾಲು ರಾಳ ಬೇಕು. ಗಟ್ಟಿ ಮಾಡುವ ದ್ರವ ನೂರು ಪಾಲಿಗೆ ಒಂದರಿಂದ ಎರಡು ಪಾಲು ಮಾತ್ರ. ಬೇಸಗೆಯಲ್ಲಿ ಕೈ ಜಾರಿ ಹೆಚ್ಚಾದರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಬೇಕು. ಚೆನ್ನಾಗಿ ಗಟ್ಟಿಯಾಗುವ ತನಕ ಬಿಡಿಸಬಾರದು; ಅವಸರ ಮಾಡಿದರೆ ಸೊಟ್ಟಗಾಗುತ್ತದೆ.

ತಿರುಗಣಿಯ ಜಾಗವೇ ಎಲ್ಲಕ್ಕಿಂತ ಕಠಿಣ. ಅದು ಮುಂದೆ, ಕೆಳಗೆ, ಚಾಸಿಗೆ ಬಿಗಿಯಾಗಿರಬೇಕು. ಜಾಗ ತಪ್ಪಿದರೆ ತೆರೆಯುವಾಗ ಕೆಳತುಟಿ ನೆಲಕ್ಕೆ ತಾಗುತ್ತದೆ, ಹಿಂಬದಿಯ ಅಂಚು ಬಣ್ಣವನ್ನು ಕೆರೆಯುತ್ತದೆ. ಮೊದಲೇ ರಟ್ಟು ಕತ್ತರಿಸಿ ತಿರುಗಿಸಿ ನೋಡುವುದು ಜಾಣತನ. ತಿರುಗಣಿ, ಚಿಲಕಗಳ ಭಾರವನ್ನು ಬರೀ ನಾರಿನ ಮೇಲೆ ಹಾಕದೆ ಒಳಗೊಂದು ಉಕ್ಕಿನ ಚೌಕಟ್ಟನ್ನು ಕೂಡಿಸಬೇಕು. ಎರಡೂ ಬದಿಗೆ ಗಟ್ಟಿ ಚಿಲಕ ಬೇಕು. ಓಡುವ ಗಾಡಿಯಲ್ಲಿ ಗಾಳಿ ಮೂತಿಯನ್ನು ಎತ್ತಿಬಿಡಬಲ್ಲದು. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ ಹರಿಯದು. ಆದುದರಿಂದ ದೀಪಗಳಿಗೆ ಅರ್ತಿನ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕು.

ಬಂಧುಗಳೇ, ಈಗ ನಮ್ಮ ಮುಖ್ಯ ಮಾತು. ಗಿರಣಿಯಲ್ಲಿ ದುಡಿದವರಿಗೆ ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಗೊತ್ತು. ಇಲ್ಲಿ ಕೊಯ್ಯುವಾಗ, ಉಜ್ಜುವಾಗ ಏಳುವುದು ಗಾಜಿನ ಧೂಳು. ರಾಳದಿಂದ ಏಳುವುದು ಸ್ಟೈರೀನ್ ಎಂಬ ಆವಿ. ಅದು ತಲೆನೋವು, ಅಮಲು ತರುತ್ತದೆ, ಬೆಂಕಿಗೂ ಹತ್ತುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ ಈ ಆವಿಯನ್ನು ತಡೆಯಲಾರದು; ಇದ್ದಿಲಿನ ಸೋಸುಕವಿರುವ ಮುಖವಾಡವೇ ಬೇಕು, ಗಾಳಿಯಾಡುವ ಜಾಗ ಬೇಕು. ಗಟ್ಟಿ ಮಾಡುವ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಬಿಡಬಾರದು. ಆ ದ್ರವವನ್ನೂ ಕೋಬಾಲ್ಟಿನ ವೇಗಕಾರಕವನ್ನೂ ನೇರವಾಗಿ ಎಂದೂ ಬೆರೆಸಬಾರದು, ಸಿಡಿಯುತ್ತದೆ.

ಮುಖವಾಡ, ಕೈಚೀಲ, ಕನ್ನಡಕಗಳನ್ನು ಕೆಲಸಗಾರ ತನ್ನ ಕೂಲಿಯಿಂದ ಕೊಳ್ಳಬೇಕೆನ್ನುವುದು ನ್ಯಾಯವಲ್ಲ. ಅವು ರಾಳದಷ್ಟೇ, ನಾರಿನಷ್ಟೇ ಆ ಕೆಲಸದ ಸಾಮಗ್ರಿ. ಬೆಲೆ ಹೇಳುವಾಗಲೇ ಲೆಕ್ಕಕ್ಕೆ ಸೇರಬೇಕು. ನಮ್ಮ ಹುಡುಗರು ಈ ಕಸಬನ್ನು ಕಲಿಯಲಿ. ಆದರೆ ಮೊದಲ ದಿನವೇ ಮುಖವಾಡ ಕೇಳುವುದನ್ನೂ ಕಲಿಯಲಿ. ಹಳೆಯ ಕಾರಿಗೆ ಹೊಸ ಮೂತಿ ಮಾಡಿ ಕೂರಿಸಬಹುದು. ಕೆಲಸಗಾರನ ಎದೆಗೆ ಬದಲಿ ಅಚ್ಚು ಇಲ್ಲ.